ಒಂಬತ್ತು ಹತ್ತರಲ್ಲೇ ನಿಂತ ಸಮುದ್ರ

ಬಂದರಿನ ತುದಿಯ ಪುಟ್ಟ ಕೋಣೆಯಲ್ಲಿ ಕೂತು ಮೂವತ್ತು ವರ್ಷ ಸಮುದ್ರದ ಏರಿಳಿತ ಬರೆದುಕೊಂಡವಳನ್ನು ಎಲ್ಲರೂ ಅಳತೆ ಅಕ್ಕ ಎಂದೇ ಕರೆಯುತ್ತಿದ್ದರು. ಐವತ್ತೆರಡು ದಾಟಿದ ಮೇಲೆ ಅವಳು ತಂಗಿಯ ಮಗಳ ಬೆನ್ನುಬಿದ್ದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತಳು. ಹುಡುಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಊಟದ ಮೇಜೇ ಇವರ ತರಗತಿ. ಹತ್ತು ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನೂ ಸಮಯವನ್ನೂ ದಾಖಲಿಸುವ ಪ್ರೋಗ್ರಾಮನ್ನು ಅಕ್ಕ ತಾನೇ ಬರೆದಳು.

ಮೊದಲ ದಿನದ ಪ್ರಿಂಟ್ ನೋಡಿ ಮೇಲಧಿಕಾರಿ ನಕ್ಕುಬಿಟ್ಟರು. "ಏನಮ್ಮಾ, ನಿಮ್ಮ ಸಮುದ್ರ ಒಂಬತ್ತು ಹತ್ತಕ್ಕೇ ಏರಿ, ಒಂಬತ್ತು ಹತ್ತಕ್ಕೇ ಇಳಿದಿದೆಯಲ್ಲಾ!"

ಹೌದು, ಮಟ್ಟಗಳೆಲ್ಲ ಸರಿಯಾಗಿದ್ದವು, ಆದರೆ ಪ್ರತಿ ಸಾಲಿನಲ್ಲೂ ಅದೇ ಸಮಯ. ಅಕ್ಕ ಕಂಪ್ಯೂಟರಿನ ಗಡಿಯಾರ ನೋಡಿದಳು. ಒಂದು ಸೆಕೆಂಡೂ ತಪ್ಪಿರಲಿಲ್ಲ. ಪ್ರೋಗ್ರಾಮ್ ನಿಲ್ಲಿಸಿ ಮತ್ತೆ ಶುರುಮಾಡಿದಳು. ಈಗ ಸಾಲುಗಳೆಲ್ಲ ಐದೂವರೆಗೆ ಅಂಟಿಕೊಂಡವು. ಪ್ರಿಂಟ್ ಹಿಡಿದು ನೇರ ತಂಗಿಯ ಮನೆಗೆ ನಡೆದಳು.

"ದೊಡ್ಡಮ್ಮಾ, ಸಮಯ ಕೇಳೋ ಮಾತು ಎಲ್ಲಿ ಬರೆದಿದ್ದೀರಿ?"

ಅಕ್ಕ ಬೆರಳಿಟ್ಟು ತೋರಿಸಿದಳು. ಪ್ರತಿ ಸಲ ಮಟ್ಟ ದಾಖಲಿಸುವ ತುಣುಕಿನ, ಅಂದರೆ ಫಂಕ್ಷನ್ನಿನ, ಮೊದಲ ಸಾಲಿನಲ್ಲೇ, ಆವರಣ ಚಿಹ್ನೆಯೊಳಗೆ.

"ಅಲ್ಲೇ ಎಡವಟ್ಟು. ಆ ಸಾಲನ್ನ ಪೈಥಾನ್ ಶುರುವಿನಲ್ಲಿ ಒಂದೇ ಸಲ ಓದುತ್ತೆ. ಆಗ ಸಿಕ್ಕ ಸಮಯನೇ ಕೊನೆವರೆಗೂ ಎಲ್ಲದಕ್ಕೂ ಹಚ್ಚುತ್ತೆ. ಆ ಮಾತನ್ನ ಕೆಳಗಿನ ಸಾಲಿಗೆ, ಫಂಕ್ಷನ್ನಿನ ಒಳಗಡೆ ಇಡಿ, ಪ್ರತಿ ಸಲ ಹೊಸದಾಗಿ ಕೇಳುತ್ತೆ."

ತಿದ್ದಲು ಎರಡು ನಿಮಿಷವೂ ಹಿಡಿಯಲಿಲ್ಲ. "ಆದ್ರೆ ಇವತ್ತಿಂದು ಹಾಳಾಯ್ತಲ್ಲ" ಎಂದಳು ಹುಡುಗಿ.

"ಯಾಕೆ ಹಾಳು? ಮೊದಲನೇ ಸಾಲಿನ ಸಮಯ ನಿಜಾನೇ ತಾನೆ?"

ಅಕ್ಕ ಪೆನ್ಸಿಲ್ ಹಿಡಿದು ಸಾಲು ಎಣಿಸಿದಳು. ನೀರು ಎಲ್ಲಕ್ಕಿಂತ ಮೇಲೇರಿದ್ದು ಇಪ್ಪತ್ತಾರನೇ ಸಾಲಿನಲ್ಲಿ. ಒಂಬತ್ತು ಹತ್ತರ ಮೊದಲ ಸಾಲು ಬಿಟ್ಟರೆ ಇಪ್ಪತ್ತೈದು ಸಾಲು, ಇನ್ನೂರೈವತ್ತು ನಿಮಿಷ. ಅಂದರೆ ಮಧ್ಯಾಹ್ನ ಒಂದು ಇಪ್ಪತ್ತು. ಚೀಲದಿಂದ ಉಬ್ಬರವಿಳಿತದ ಪುಸ್ತಕ ತೆಗೆದಳು. ಹೋದ ವರ್ಷವೇ ಅಚ್ಚಾದದ್ದು. ಈ ದಿನದ ಉಬ್ಬರ: ಒಂದು ಇಪ್ಪತ್ತು.

ಹುಡುಗಿ ಬಿಟ್ಟ ಕಣ್ಣು ಬಿಟ್ಟಂತೆಯೇ ಕೂತಳು. "ಅಷ್ಟು ಮೊದಲೇ ಯಾರಿಗೆ ಗೊತ್ತಾಯ್ತು, ದೊಡ್ಡಮ್ಮಾ?"

"ಚಂದ್ರ ಎಲ್ಲಿರ್ತಾನೆ, ಸೂರ್ಯ ಎಲ್ಲಿರ್ತಾನೆ ಅಂತ ಲೆಕ್ಕ ಹಾಕ್ತಾರೆ ಕಣೇ. ಮೂವತ್ತು ವರ್ಷದಿಂದ ನೋಡ್ತಿದೀನಿ. ಈಗಲೂ ಮೈ ಜುಮ್ಮನ್ನುತ್ತೆ."

ಮರುದಿನ ಹುಡುಗಿ ಅರ್ಧ ದಿನ ರಜೆ ಹಾಕಿ ಬಂದರಿಗೆ ಬಂದಳು. ಪುಸ್ತಕದಲ್ಲಿ ಆ ದಿನಕ್ಕೆ ಬರೆದಿದ್ದಂತೆಯೇ, ಎರಡು ಹತ್ತಕ್ಕೆ ಕಲ್ಲಿನ ಮೆಟ್ಟಿಲ ಕೊನೆಯ ಒಣ ಅಂಚನ್ನೂ ನೀರು ಮುಟ್ಟಿತು. ತುಸು ಹೊತ್ತು ಏರಲೂ ಇಲ್ಲ, ಇಳಿಯಲೂ ಇಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು.