ಕೊನೆಗೆ ಇಳಿಯುವವರು

ಎಪ್ಪತ್ತರ ದಶಕದ ಕೊನೆಗೆ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಮ್ಮ ಮೇಲಿನ ಮನೆಯ ಸಾಹೇಬರು ವಾಯುಸೇನೆಯ ಹೆಲಿಕಾಪ್ಟರ್ ತುಕಡಿಯೊಂದರ ಕಮಾಂಡರ್ ಆಗಿದ್ದರು. ರಜೆಗೆ ಬಂದರೆ ಹಾರಾಟದ ಮಾತೇ ಎತ್ತುತ್ತಿರಲಿಲ್ಲ. ಆದರೆ ಬೆಳಿಗ್ಗೆ ಬಾಲ್ಕನಿಗೆ ಬಂದು, ಒಣಹಾಕಿದ ಸೀರೆ ಯಾವ ಕಡೆ ಹಾರುತ್ತಿದೆ ಎಂದು ನೋಡಿದ ಮೇಲೆಯೇ ಚಹಾ ಕುಡಿಯುವರು.

ಅವರಿಗೆ ಬಾರದ ವಿದ್ಯೆ ಒಂದೇ, ಲೋಕಲ್ ರೈಲಿನಿಂದ ಇಳಿಯುವುದು. ಜೊತೆಗಿದ್ದವರೆಲ್ಲ ಇಳಿಯುವ ತನಕ ತಾವು ಇಳಿಯಬಾರದೆಂಬುದು ಹೆಲಿಕಾಪ್ಟರಿನಿಂದ ಬಂದ ರೂಢಿ. ಬಾಗಿಲ ಪಕ್ಕ ನಿಂತು, "ಎಲ್ಲಾರೂ ಇಳದ್ರೇನು?" ಎಂದು ಒಳಗೆ ನೋಡುವಷ್ಟರಲ್ಲಿ ಹತ್ತುವವರ ನೂಕುನುಗ್ಗಲು ಅವರನ್ನು ಹಿಂದಕ್ಕೆ ತಳ್ಳುತ್ತಿತ್ತು. ಮುಂದೆ ಕಲ್ಯಾಣ ನಿಲ್ದಾಣದವರೆಗೆ ಹೋಗಿ ತಿರುಗಿ ಬರುವರು. ನಾವು ನಗುತ್ತಿದ್ದೆವು.

ಒಮ್ಮೆ ಠಾಣೆ ಊರಿನಲ್ಲಿ ಮದುವೆಯೂಟ ಮುಗಿಸಿ ಅವರೊಡನೆ ಲೋಕಲ್‌ನಲ್ಲಿ ಮರಳಿದೆವು. ಡೊಂಬಿವಲಿಯಲ್ಲಿ ಇಳಿದು ನೋಡಿದರೆ ನಮ್ಮ ಅಜ್ಜಿ ಇಲ್ಲ. ರೈಲು ಹೊರಟಾಗಿತ್ತು. ಕಣ್ಣು ಮಂದವಾದ, ಕನ್ನಡ ಬಿಟ್ಟು ಬೇರೆ ಮಾತು ಬಾರದ ಮುದುಕಿ. ಅವ್ವ ಅಳತೊಡಗಿದಳು. ಅಪ್ಪ ಸುತ್ತ ಕಣ್ಣಾಡಿಸಿ, "ಸಾಹೇಬ್ರೂ ಇಳದಿಲ್ಲ," ಎಂದ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾರ ಚಿಂತಿ ಇಲ್ಲ."

ಆಚೆ ಪ್ಲಾಟ್‌ಫಾರ್ಮಿಗೆ ಹೋಗಿ ಕಾದೆವು. ಕಲ್ಯಾಣದಿಂದ ಬಂದ ಗಾಡಿಯ ಬಾಗಿಲಲ್ಲಿ ಅವರೇ ಕಂಡರು. ಬೆನ್ನಿನಿಂದ ಜನರನ್ನು ತಡೆಹಿಡಿದು ಅಜ್ಜಿಯನ್ನು ಮೆಲ್ಲಗೆ ಅಪ್ಪನ ಕೈಗೆ ಇಳಿಸಿದರು. ಆಮೇಲೆ ಒಳಗೆ ತಿರುಗಿ, "ಎಲ್ಲಾರೂ ಇಳದ್ರೇನು?" ಎಂದು ಕೇಳಿದರು.

ಗಾಡಿ ಅವರನ್ನು ಠಾಣೆಯ ಕಡೆ ಒಯ್ದಿತು. ಅಂದು ನಮ್ಮಲ್ಲಿ ಯಾರೂ ನಗಲಿಲ್ಲ. ಅವರು ಮರಳುವ ತನಕ ಅಜ್ಜಿ ಪ್ಲಾಟ್‌ಫಾರ್ಮಿನ ಬೆಂಚು ಬಿಟ್ಟು ಏಳಲಿಲ್ಲ.