ಗಜಕರ್ಣದ ಗುಳಿಗಿ

ಅಪ್ಪಗ ಕ್ಯಾನ್ಸರ್ ಅಂತ ಹೇಳಬ್ಯಾಡ್ರಿ ಅಂತ ಡಾಕ್ಟರಿಗೆ ಕೈಮುಗದು ಕೇಳಿಕೊಂಡಾಕಿ ನಾನ. ತೊಂಬತ್ತರ ದಶಕದ ಕೊನೀ ಮಾತು. ಅವಾಗ ನಮ್ಮ ಕಡೆ ಎಲ್ಲಾರ ಮನ್ಯಾಗೂ ಹಂಗ. ಆ ಹೆಸರು ಕೇಳಿದ್ರನ ಮನಷ್ಯಾ ಅರ್ಧಾ ಸಾಯ್ತಾನ ಅಂತಿದ್ರು. ಪ್ರಾಸ್ಟೇಟ್ ಗ್ರಂಥೀದು. ಆಪರೇಷನ್ ಆದಾಗ "ಉಚ್ಚಿ ಕಟ್ಟೇತಿ, ಅದಕ್ಕ" ಅಂತ ಹೇಳಿ ಪಾರಾದ್ವಿ. ವರ್ಷ ತುಂಬೂದ್ರಾಗ ಬ್ಯಾನಿ ತಿರುಗಿ ಬಂತು.

ಈ ಸಲ ಡಾಕ್ಟರು ಒಂದು ಗುಳಿಗಿ ಬರದ್ರು. ಚೀಟಿ ನೋಡಿ ಔಷಧಿ ಅಂಗಡಿಯಂವ, "ಇಷ್ಟ್ಯಾಕ್ರೀ ಅಕ್ಕಾರ, ಮೈತುಂಬ ಗಜಕರ್ಣ ಆಗೇತೇನು?" ಅಂತ ನಕ್ಕ. ಸಿಟ್ಟು ನೆತ್ತಿಗೇರ್ತು. ಅಲ್ಲ, ನಮ್ಮಪ್ಪ ಸಾಯಾಕತ್ತಾನ, ಈ ಡಾಕ್ಟರ್ ತುರಿಕಿ ಗುಳಿಗಿ ಬರದಾನಲ್ಲ! ವಾಪಸ್ ಹೋಗಿ ಜಗಳಾ ತಗದೆ. ಪುಣ್ಯಾತ್ಮರು ಸಿಟ್ಟಾಗಲಿಲ್ಲ.

"ಖರೇನ, ಇದು ಬೂಷ್ಟಿನ ರೋಗದ ಔಷಧ. ಆದ್ರ ಹೆಚ್ಚು ಕೊಟ್ರ ಗಂಡಸರ ಹಾರ್ಮೋನ್ ತಯಾರಾಗೂದನ್ನ ತಡೀತೈತಿ. ಆ ಹಾರ್ಮೋನ್ ಉಂಡ ಈ ಗಡ್ಡಿ ಬೆಳೀತೈತಿ. ವಾಸಿ ಆಗೂದಿಲ್ಲ, ಒಂದಿಷ್ಟು ದಿನಾ ಸಿಗಬಹುದು" ಅಂದ್ರು. ಆಮ್ಯಾಲೆ ಬೆರಳೆತ್ತಿ, "ಇದು ಲಿವರಿಗೆ ಕೆಟ್ಟ. ದಿನಾ ಮುಂಜಾನೆ ಕಣ್ಣು ನೋಡ್ರಿ. ಹಳದಿ ಕಂಡ್ರ ಗುಳಿಗಿ ನಿಲ್ಲಿಸಿ ಓಡಿ ಬರ್ರಿ" ಅಂದ್ರು.

ಅಪ್ಪಗ ಸುಳ್ಳು ಹೇಳೂದು ಸಸಾರ ಆತು. "ನಿನ್ನ ರಕ್ತದಾಗ ಗಜಕರ್ಣ ಹೊಕ್ಕೇತಪ್ಪಾ" ಅಂದೆ. ನಂಬಿದ. ದಿನಕ್ಕ ಆರು ಗುಳಿಗಿ. ಮುಂಜಾನೆ ಬೆಂಗೇರಿ ಓಣ್ಯಾಗಿನ ನಮ್ಮ ಮನಿ ಕಟ್ಟಿ ಮ್ಯಾಲೆ ಬಿಸಲಿಗೆ ಕುಂದ್ರಿಸಿ, ಕಣ್ಣಾಗ ಕಸ ಬಿದ್ದೈತಿ ಅಂತ ನೆವಾ ಮಾಡಿ ರೆಪ್ಪಿ ಎತ್ತಿ ನೋಡತಿದ್ದೆ. ಬೆಳ್ಳಗದಾವ, ಶಿವನೇ, ಇವತ್ತೊಂದು ದಿನ ದಾಟಿತು. ಬೇಕಾದ್ರ ನಗರಿ, ಅಡಗಿ ಮನ್ಯಾಗ ಅರಿಷಿಣದ ಡಬ್ಬಿ ಕಂಡ್ರೂ ಅಂಜತಿದ್ದೆ.

ಅಪ್ಪ ಅಮರಗೋಳದ ಮಾರ್ಕೆಟ್ಟಿನ್ಯಾಗ ಕಾಳು ತೂಗೂ ಕೆಲಸ ಮಾಡಿದಂವ. ಜಡ್ಡಿನ್ಯಾಗೂ ಆ ದಿನದ ಉಳಿದ ಗುಳಿಗಿ ಕಿಸೇದಾಗ ಇಟಗೊಂಡು, ಬಸ್ ಹತ್ತಿ ಅಲ್ಲಿ ಹೋಗಿ ಕುಂದರತಿದ್ದ. ಆ ಮಂದೀದು ಒಂದು ಪದ್ಧತಿ: ಬುತ್ತಿ ಇರಲಿ, ತಂಬಾಕ ಇರಲಿ, ಔಷಧ ಇರಲಿ, ಒಬ್ಬನ ಹಂತ್ಯಾಕ ಇದ್ದದ್ದು ನಾಕು ಮಂದೀದು. ಇದು ನನಗ ಗೊತ್ತಿತ್ತು. ಗೊತ್ತಿದ್ದೂ ತಲೀಗೆ ಹೊಳೀಲಿಲ್ಲ.

ಎರಡು ತಿಂಗಳಾಗಿತ್ತು. ಒಂದಿನ ಸಂಜೀಕ ಅಪ್ಪನ ಗೆಳೆಯ, ಮೆಣಸಿನಕಾಯಿ ಚೀಲ ಹೊರೂ ಹಮಾಲ ಕಾಕಾ, ಮನಿಗೆ ಬಂದ. ಚಾ ಕೊಡಾಕ ಬಗ್ಗಿದೆ. ಕಾಕಾನ ಕಣ್ಣು ಹಳದಿ. ಕಪ್ಪು ಬಸಿ ಅಲ್ಲೇ ನೆಲಕ್ಕ ಇಟ್ಟೆ.

"ಕಾಕಾ, ಏನರ ಔಷಧ ತೊಗೊಳ್ಳಾಕತ್ತೀಯೇನು?"

"ಸೊಂಟದ ಗಜಕರ್ಣಕ್ಕ ನಿಮ್ಮಪ್ಪ ದಿನಾ ತನ್ನ ಆರರಾಗ ಮೂರು ಕೊಡತಾನವಾ. ಪೂರಾ ಮಾಯ್ದೈತಿ, ನೋಡಬಾ!" ಅಂತ ಅಂಗಿ ಎತ್ತಾಕ ಹೋದ. ಅಪ್ಪ ಪಕ್ಕದಾಗ ಕುಂತು ಭಾರಿ ಹೆಮ್ಮೀಲೆ ನಗಾಕತ್ತಿದ್ದ.

ಅಯ್ಯಯ್ಯ, ನನ್ನ ಸುಳ್ಳು ಇಬ್ಬರ ಹೊಟ್ಟ್ಯಾಗೂ ಹೊಕ್ಕಿತ್ತು. ಒಬ್ಬಗ ಬೇಕಾದ ಔಷಧ ಅರ್ಧಾ ಸಿಕ್ಕಿಲ್ಲ, ಇನ್ನೊಬ್ಬಗ ಅದ ವಿಷ ಆಗೇತಿ. ಆಟೋ ಕರದು ಇಬ್ಬರನೂ ದವಾಖಾನಿಗೆ ಎಳಕೊಂಡು ಹೋದೆ. ಕಾಕಾನ್ನ ಒಳಗ ಮಲಗಿಸಿದ್ರು. ಹೊರಗ ಬೆಂಚಿನ ಮ್ಯಾಲೆ ಅಪ್ಪಗ ಹೇಳಿದೆ, ಅದು ಗಜಕರ್ಣದ್ದಲ್ಲಪ್ಪಾ, ನಿನಗ ಕ್ಯಾನ್ಸರ್ ಐತಿ. ಹೇಳಕೋತ ಅತ್ತೆ.

ಅಪ್ಪ ಅಳಲಿಲ್ಲ. ಕಾಕಾ ಇದ್ದ ಖೋಲಿ ಬಾಗಲಾನ ನೋಡಕೋತ ಕುಂತ.

"ಮೊದಲ ಹೇಳಿದ್ರ ನಾ ಅವಂಗ ಕೊಡತಿದ್ದಿಲ್ಲಲ್ಲವಾ" ಅಂದ.

ಗುಳಿಗಿ ನಿಲ್ಲಿಸಿದ ಮ್ಯಾಲೆ ಕಾಕಾನ ಕಾಮಣಿ ಇಳೀತು. ಅಪ್ಪ ಅವತ್ತಿಂದ ಆರೂ ತಾನ ನುಂಗಿದ, ಆದ್ರೂ ಮುಂದಿನ ದೀಪಾವಳಿ ಕಾಣಲಿಲ್ಲ. ಮಣ್ಣಿಗೆ ಕಾಕಾನ ಮೊದಲು ಹೆಗಲು ಕೊಟ್ಟ. ಆ ಎರಡು ತಿಂಗಳ ಗುಳಿಗಿ ಪೂರಾ ಅಪ್ಪನ ಹೊಟ್ಟಿಗೆ ಹೋಗಿದ್ರ ಇನ್ನೆಷ್ಟು ದಿನಾ ಇರತಿದ್ದ ಅಂತ ಡಾಕ್ಟರಿಗೆ ಕೇಳಾಕ ಎರಡು ಸಲ ಹೋದೆ. ಎರಡೂ ಸಲ ಅಂಜಿ ಬಾಗಲದಿಂದನ ತಿರುಗಿ ಬಂದೆ.