ಮೊನಾಪಲಿ ಅನ್ನಿಸಿಕೊಂಡ ಹಸು

ಹೊಸ ಮನೆಗೆ ಮನುಷ್ಯರಿಗಿಂತ ಮೊದಲು ಹಸು ಕಾಲಿಡಬೇಕು ಅನ್ನುವ ಶಾಸ್ತ್ರ ಇರುವುದರಿಂದಲೇ ನನ್ನ ಹಸುವಿಗೆ ಇಷ್ಟು ವರ್ಷ ಮೇವು ಸಿಕ್ಕಿದ್ದು. ಹಾಲಿನಿಂದಲ್ಲ. ಅದರ ಹಾಲು ಕರುವಿಗೂ ನನ್ನ ಕಾಫಿಗೂ ಆದರೆ ಮುಗಿಯಿತು. ಮೂಡಲಪಾಳ್ಯದಿಂದ ಜ್ಞಾನಭಾರತಿ ಕಡೆಯ ಲೇಔಟುಗಳವರೆಗೆ ಯಾರೇ ಮನೆ ಕಟ್ಟಲಿ, ಗೃಹಪ್ರವೇಶದ ದಿನ ಬೆಳಕು ಹರಿಯುವ ಹೊತ್ತಿಗೆ ಹಸು ಕರು ಹಿಡಿದುಕೊಂಡು ಹೋಗುತ್ತಿದ್ದವಳು ನಾನೊಬ್ಬಳೇ. ಉಳಿದವರೆಲ್ಲ ಮಾರಿಕೊಂಡಿದ್ದರು. ನಮ್ಮ ಬೀದಿಯಲ್ಲಿ ಮನೆಗೊಂದು ಕೊಟ್ಟಿಗೆ ಇತ್ತು. ಹುಲ್ಲು ಬೆಳೆಯುವ ಜಾಗ ಸೈಟಾಯಿತು, ಕೊಟ್ಟಿಗೆಗಳು ಬಾಡಿಗೆ ಮನೆಗಳಾದವು. ಬಾಡಿಗೆದಾರ ಸಗಣಿ ಹಾಕುವುದಿಲ್ಲ, ಒದೆಯುವುದಿಲ್ಲ, ಮೇವು ಕೇಳುವುದಿಲ್ಲ. ನಾನು ಹಠಕ್ಕೆ ಬಿದ್ದು ಹಸುವನ್ನೇ ಇಟ್ಟುಕೊಂಡೆ.

ಒಬ್ಬಳೇ ಆಗಿರುವುದು ನನಗೆ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಾರಿನಲ್ಲಿ ಬಂದವರು ಮೂಗಿಗೆ ಕರ್ಚೀಪು ಹಿಡಿದು ಕೊಟ್ಟಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅದನ್ನು ತೆಗೆಯುವ ತನಕ ನಾನು ಬಾಯಿ ಬಿಡುತ್ತಿರಲಿಲ್ಲ. "ಏಯ್ ಅಜ್ಜಿ" ಅಂದವರಿಗೆ ಆವತ್ತು ಹಸುವಿಗೆ ಬಿಡುವಿಲ್ಲ ಅನ್ನುತ್ತಿದ್ದೆ. ಅದೇ ಮನುಷ್ಯ ತಿರುಗಿ ಬಂದು "ದಯವಿಟ್ಟು ಅಮ್ಮ" ಅಂದರೆ ಬಿಡುವಾಗುತ್ತಿತ್ತು. ಅದರಲ್ಲಿ ತಪ್ಪೇನಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹಸು ನನ್ನದು.

ಹೋದ ವರ್ಷ ನಾಗರಭಾವಿ ಹತ್ತಿರದ ಒಂದು ಅಪಾರ್ಟ್‌ಮೆಂಟಿಗೆ ಕರೆದರು. ಮನೆ ಕೊಂಡವನೇ ಬಂದು ಹೇಳಿಹೋಗಿದ್ದ. ಕತ್ತಲಲ್ಲೇ ಹಸುವಿನ ಮೈ ತೊಳೆದು, ಕೊಂಬಿಗೆ ಅರಿಶಿಣ ಹಚ್ಚಿ, ಕರುವನ್ನು ಮುಂದೆ ಬಿಟ್ಟುಕೊಂಡು ನಡೆಸಿಕೊಂಡು ಹೋದೆ. ಗೇಟಿನ ಮುಂದೆ ಒಂದು ಟೆಂಪೋ ನಿಂತಿತ್ತು. ಅದರೊಳಗೆ ನನ್ನ ಸೊಂಟದಷ್ಟು ಎತ್ತರದ ಒಂದು ಗಿಡ್ಡ ಹಸು. ಬೆನ್ನ ಮೇಲೆ ಜರಿ ಬಟ್ಟೆ, ಕಾಲಿಗೆ ಗೆಜ್ಜೆ. ಮದುವೆ ಹೆಣ್ಣಿಗೂ ಅಷ್ಟು ಸಿಂಗಾರ ಮಾಡುವುದಿಲ್ಲ. ಪಕ್ಕದಲ್ಲಿ ಅದರ ಯಜಮಾನ, ಹೆಗ್ಗನಹಳ್ಳಿ ಕಡೆಯವನು. ಈ ಕಡೆಯ ಪುರೋಹಿತರನ್ನೆಲ್ಲ ಅವನು ಮೊದಲೇ ಮಾತಾಡಿಸಿಟ್ಟುಕೊಂಡಿದ್ದ: ಪೂಜೆ ನಿಮ್ಮದು, ಹಸು ನನ್ನದು, ಬೇರೆ ಹಸು ಬಂದರೆ ನೀವು ಮಂತ್ರ ಹೇಳಬೇಡಿ. ಮನೆಯವನು ನನ್ನನ್ನು ಕರೆದಿದ್ದ, ಪುರೋಹಿತರು ಈ ಟೆಂಪೋದವನನ್ನು ಕರೆಸಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

"ಅಜ್ಜಿ, ಇದು ನನ್ನ ಬುಕಿಂಗು," ಅಂದ ಟೆಂಪೋದವನು.

"ನಿನ್ನ ಬುಕಿಂಗು ನಿನ್ನ ಜೇಬಲ್ಲಿಟ್ಕೊ. ನಮ್ಮನೆ ಬಾಗಿಲಿಗೆ ಬಂದು ಕರ್ದಿದಾರೆ ನನ್ನ."

"ಮನೆ ನಾಲ್ಕನೇ ಫ್ಲೋರು. ಲಿಫ್ಟಲ್ಲಿ ಹಿಡಿಸುತ್ತಾ ನಿಮ್ಮ ಹಸು? ಕೊಂಬು ಆಚೆ ಬಿಟ್ಟು ಬಾಗಿಲು ಹಾಕ್ತೀರಾ?"

ವಾಚ್‌ಮನ್ ಕಿಸಕ್ಕನೆ ನಕ್ಕ.

"ಮೆಟ್ಲು ಹತ್ತುತ್ತೆ ಕಣೋ."

"ಹತ್ತುತ್ತೆ. ಇಳ್ಸೋರು ಯಾರು? ಕ್ರೇನ್ ತರಿಸ್ತೀರಾ?"

ಅವನು ಹೇಳಿದ್ದು ನಿಜ. ಹಸು ಮೆಟ್ಟಿಲು ಹತ್ತುತ್ತದೆ, ಇಳಿಯಲು ಹೆದರುತ್ತದೆ. ವಿಜಯನಗರದ ಒಂದು ಮನೆಯಲ್ಲಿ ಮಹಡಿ ಹತ್ತಿಸಿ, ಮೆಟ್ಟಿಲ ಮೇಲೆಲ್ಲ ಮರಳಿನ ಚೀಲ ಹಾಸಿ ಇಳಿಸುವಷ್ಟರಲ್ಲಿ ಊಟದ ಪಂಕ್ತಿಗಳೇ ಮುಗಿದಿದ್ದವು. ನಿಜ ಹೇಳಿದನಲ್ಲ ಅಂತ ನನಗೆ ಸಿಟ್ಟು ಇನ್ನೂ ಏರಿತು.

ಅಷ್ಟರಲ್ಲಿ ಮನೆಯವನು ರೇಷ್ಮೆ ಪಂಚೆ ಎತ್ತಿಕೊಂಡು ಕೆಳಗೆ ಬಂದ. ಕಿವಿಗೆ ಫೋನು. ಆ ಕಡೆ, ಮೇಲಿನ ಮನೆಯಲ್ಲಿದ್ದ ಪುರೋಹಿತರು. "ಸ್ವಾಮಿ, ಈ ಏರಿಯಾದಲ್ಲಿ ಅಜ್ಜೀದೇ ಮೊನಾಪಲಿ ಅಂತ ತಾನೆ ನಾನು ಅವ್ರನ್ನ ಕರೆದಿದ್ದು? ಬೇರೆ ಹಸು ಸಿಗುತ್ತೆ ಅಂತ ಮೊದ್ಲೇ ಹೇಳ್ಬಾರ್ದಾ?"

ಪದ ಗೊತ್ತಿಲ್ಲದಿದ್ದರೂ ದನಿ ಗೊತ್ತಾಗುತ್ತದೆ. "ಏನಂದೆ ನನ್ನ?"

"ಬೈಗುಳ ಅಲ್ಲ ಅಜ್ಜಿ."

"ಅಲ್ದಿದ್ರೆ ಬಿಡಿಸಿ ಹೇಳು."

ಅವನು ಮತ್ತೆ ಫೋನಿಗೆ ತಿರುಗಿದ. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ ಅವನಪ್ಪ ಹೇಳಿದರು. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿ ರಿಟೈರ್ ಆದವರಂತೆ. "ಗ್ರೀಕರ ಮಾತು ಅದು. ಮೊನೊಸ್ ಅಂದ್ರೆ ಒಬ್ಬನೇ, ಪೋಲೈನ್ ಅಂದ್ರೆ ಮಾರೋದು. ಒಬ್ಬನೇ ಮಾರೋದು. ಕನ್ನಡದಲ್ಲಿ ಏಕಸ್ವಾಮ್ಯ ಅಂತಾರೆ. ಹಿಂದೆ ರಾಜರು ಬರೆದುಕೊಡ್ತಿದ್ರು, ಈ ಊರಲ್ಲಿ ಉಪ್ಪು ಇವನೇ ಮಾರಬೇಕು, ಬೇರೆಯವನು ಮಾರಿದ್ರೆ ದಂಡ ಅಂತ. ಈಗ ಎಲ್ಲದಕ್ಕೂ ಅಂತಾರೆ ಬಿಡಿ. ನಮ್ಮನೇಲಿ ಟೀವಿ ರಿಮೋಟು ನಮ್ಮನೆಯವಳ ಮೊನಾಪಲಿ."

"ನನಗೆ ಯಾವ ರಾಜ ಬರ್ಕೊಟ್ಟ ಸಾರ್?"

"ಯಾರೂ ಇಲ್ಲ. ನಿಮ್ದು ಹಾಗೇ ಆಗಿದ್ದು."

ಹಾಗೇ ಆಗಿದ್ದು. ಊರೆಲ್ಲ ಹಸು ಮಾರಿ ಮಹಡಿ ಎಬ್ಬಿಸಿದ್ದಕ್ಕೆ ಉಳಿದವಳ ಮೇಲೆ ಒಂದು ಗ್ರೀಕರ ಮಾತು.

ಮುಹೂರ್ತ ಮೀರುತ್ತಿದೆ ಅಂತ ಮೇಲಿನಿಂದ ಯಾರೋ ಕೂಗಿದರು. ಮನೆಯವನು ನನ್ನ ಮುಖ ನೋಡಲಿಲ್ಲ. "ಅದನ್ನೇ ಕರ್ಕೊಂಡು ಬನ್ನಿ," ಅಂತ ಟೆಂಪೋದವನಿಗೆ ಹೇಳಿಬಿಟ್ಟ. ಗಿಡ್ಡ ಹಸು ಒಂದು ಬಾಳೆಹಣ್ಣಿನ ಆಸೆಗೆ ಲಿಫ್ಟಿನೊಳಗೆ ಹೋಯಿತು. ಬಾಗಿಲು ಮುಚ್ಚಿತು. ಒಂದು ಮನೆಗೆ ಒಂದೇ ಸಲ ಪ್ರವೇಶ, ಎರಡನೆಯ ಹಸುವಿಗೆ ಅಲ್ಲಿ ಕೆಲಸವಿಲ್ಲ.

"ನಿಮ್ಮ ಹಸೂಗೂ ಇಲ್ಲೇ ಗೇಟಲ್ಲಿ ಒಂದು ಆರತಿ ಮಾಡಿಬಿಡ್ತೀವಿ ಅಜ್ಜಿ," ಅಂದ ಮನೆಯವನು.

"ವಾಚ್‌ಮನ್ ಗೂಡಿನ ಗೃಹಪ್ರವೇಶಕ್ಕೆ ಬಂದಿಲ್ಲ ನನ್ನ ಹಸು."

ಹೊರಡುವಷ್ಟರಲ್ಲಿ ಕರು ಗಿಡದ ಕುಂಡಕ್ಕೆ ಬಾಯಿ ಹಾಕಿತು. ಅದನ್ನು ಎಳೆದುಕೊಳ್ಳುತ್ತಿದ್ದಾಗ ಟೆಂಪೋದವನು ಕೆಲಸ ಮುಗಿಸಿಕೊಂಡು ಇಳಿದು ಬಂದ. ಈಗ ಅವನ ಮಾತು ಮೆತ್ತಗಾಗಿತ್ತು.

"ಅಜ್ಜಿ, ನಿಮಗೂ ವಯಸ್ಸಾಯ್ತು. ಹಸು ಕರು ಎರಡನ್ನೂ ನನಗೆ ಕೊಟ್ಬಿಡಿ, ಒಳ್ಳೇ ರೇಟು ಹಾಕ್ತೀನಿ. ಗ್ರೌಂಡ್ ಫ್ಲೋರ್ ಮನೆಯವರು ಈಗ್ಲೂ ದೊಡ್ಡ ಹಸು ಕೇಳ್ತಾರೆ. ಈ ಕಡೆ ಇರೋದು ನೀವೊಬ್ರೇ. ನೀವು ಬಿಟ್ರೆ ಪೂರ್ತಿ ನಂದೇ."

ಮೇಷ್ಟರು ಹೇಳಿದ ರಾಜ ನನಗೆ ಆಗ ಸರಿಯಾಗಿ ಕಂಡ. ನಾನು ಒಬ್ಬಳಾಗಿದ್ದಾಗ ಯಾರ ಹಸುವಿಗೂ ಬಾಗಿಲು ಹಾಕಿಸಿರಲಿಲ್ಲ, ಬೇಕಾದವರು ಸಾಕಬಹುದಿತ್ತು. ಇವನು ಪುರೋಹಿತರ ಬಾಯಿಗೆ ಬೀಗ ಹಾಕಿ, ಮಿಕ್ಕ ಒಂದು ಕೊಟ್ಟಿಗೆಯನ್ನು ಕೊಂಡು, ಒಬ್ಬನೇ ಆಗಲು ಹೊರಟಿದ್ದ.

"ಕೊಡಲ್ಲ."

"ಯಾಕಜ್ಜಿ? ಮೇವಿಗೆ ಎಲ್ಲಿಗೆ ಹೋಗ್ತೀರಾ ಇನ್ನು?"

"ಎಲ್ಲಿಗಾದ್ರೂ ಹೋಗ್ತೀನಿ. ನಾನಿರೋ ತನಕ ನೀನು ಇಬ್ಬರಲ್ಲಿ ಒಬ್ಬ ಕಣೋ, ಅಷ್ಟೇ."

ಈಗ ನನ್ನನ್ನು ಕರೆಯುವವರು ಕಡಿಮೆ. ಪುರೋಹಿತರ ಮಾತು ಮೀರುವ ಧೈರ್ಯ ಇದ್ದವರು, ಅದೂ ಲಿಫ್ಟು ಬೇಡದ ನೆಲಮಹಡಿಯ ಮನೆಯವರು ಮಾತ್ರ. ಸಂಜೆ ತರಕಾರಿ ಅಂಗಡಿಗಳ ಮುಂದೆ ಬಿದ್ದ ಹೂಕೋಸಿನ ಎಲೆ ಆರಿಸಿ ತಂದು ಹಾಕುತ್ತೇನೆ. ಹಸುವಿನ ಮೇಲಿನ ಪ್ರೀತಿಗೆ ಹೀಗೆ ಮಾಡುತ್ತಾರೆ ಅಂತ ನನ್ನ ಸೊಸೆ ಬಂದವರಿಗೆಲ್ಲ ಹೇಳುತ್ತಾಳೆ. ಪ್ರೀತಿ ಏನೂ ಇಲ್ಲ, ಅದು ಒದೆಯುತ್ತದೆ. ಟೆಂಪೋ ನಮ್ಮ ಬೀದಿಯಲ್ಲಿ ಹಾಯುವ ದಿನ ಮಾತ್ರ ಅದನ್ನು ಬೇಕೆಂದೇ ಕೊಟ್ಟಿಗೆಯ ಹೊರಗೆ, ರಸ್ತೆಗೆ ಅಡ್ಡ ಕಟ್ಟುತ್ತೇನೆ. ಅವನು ಹಾರ್ನ್ ಹೊಡೆಯುತ್ತಾನೆ. ನಾನು ನಿಧಾನಕ್ಕೆ ಎದ್ದು ಬರುತ್ತೇನೆ.